ಗಪ್ಪ ಕುಂತ್ರ ತಲಿಯೊಳಗ ಸಂತಿ ಕೂಡ್ತೈತಿ, ಏನ್ ಮಾಡ್ಲಿ?

ಕೇಶ್ವಾಪುರದಾಕಿ · ಸೋಮವಾರ, ಬೆಳಿಗ್ಗೆ 5:52

ಎಲ್ಲಾರಿಗೂ ವಂದನೆ. ನಾ ಹುಬ್ಬಳ್ಳಿಯಾಕಿ. ಔಷಧದ ಹೋಲ್‌ಸೇಲ್ ಅಂಗಡಿಯೊಳಗ ಲೆಕ್ಕ ಬರೀತೀನಿ. ಮನಿಯವ್ರು ರೈಲ್ವೇದಾಗ, ವಾರ ಬಿಟ್ಟು ವಾರ ರಾತ್ರಿ ಪಾಳಿ. ನನಗಂತ ಸಿಗೂದು ಬೆಳಿಗ್ಗೆ 5ರಿಂದ 5:30, ಮಕ್ಕಳು ಏಳೂದ್ರೊಳಗ. ಆವಾಗ ಪ್ರಾರ್ಥನೆಗೆ ಕುಂದರ್ತೀನಿ.

ಕಣ್ಣು ಮುಚ್ಚೂದ ತಡ, ಒಂದೊಂದ ಬಂದು ಮುಂದ ನಿಂದರ್ತಾವ. ಹಾಲಿನವನ ಬಾಕಿ, ದೊಡ್ಡಾಕಿ ಟ್ಯೂಷನ್ ಫೀ, 20ನೇ ತಾರೀಖಿನೊಳಗ ಜಿಎಸ್‌ಟಿ ರಿಟರ್ನ್. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಂತ ಶುರು ಮಾಡಿದಾಕಿ ‘ಆಮೆನ್’ ಅಂದಾಗ ನಡುವ ಏನೇನ್ ಅಂದೆ ಅನ್ನೂದ ನೆನಪಿರಂಗಿಲ್ಲ.

ಮೊದಲ ಮೊಬೈಲಿಂದ ತಪ್ಪು ಅಂತ ತಿಳಕೊಂಡಿದ್ದೆ. ಬೈಬಲ್ಲೂ ಅದ್ರಾಗ, ವಾಟ್ಸಾಪೂ ಅದ್ರಾಗ. ಕೀರ್ತನೆ ಓದಾಕ ತಗದ್ರ ಮ್ಯಾಲಿಂದ ಪಟ್ಟಂತ ಒಂದು ಮೆಸೇಜ್ ಇಳೀತೈತಿ. ಅದಕ್ಕ ಹೋದ ವಾರ ಮೊಬೈಲ್ ಜೋಳದ ಡಬ್ಬಿ ಹಿಂದ ಇಟ್ಟು, ಏನೂ ಬೇಡಿಕೊಳ್ಳದ ಹತ್ತು ನಿಮಿಷ ದೇವ್ರ ಮುಂದ ಗಪ್ಪ ಕುಂತು ನೋಡಿದೆ. ಇನ್ನೂ ಕೆಟ್ಟ ಆತು! ಫ್ಯಾನಿನ ಸಪ್ಪಳ, ಬಾಜೂ ಮನಿ ಮಿಕ್ಸರ್, ಸ್ಟೇಷನ್ ಕಡೆಯಿಂದ ಅನೌನ್ಸ್‌ಮೆಂಟ್. ಅವು ಮುಗದ್ವು ಅಂದ್ರ ತಲಿಯೊಳಗಿನ ಸಂತಿ. ಎಂಟನೇ ನಿಮಿಷಕ್ಕ ಎದ್ದು ಭಾಂಡೆ ತಿಕ್ಕಾಕ ಹೋದೆ.

ಇಂಥಾ ಪ್ರಾರ್ಥನೆ ದೇವ್ರಿಗೆ ಮುಟ್ಟತೈತೇನು? ಚರ್ಚಿನ ಅಯ್ಯನವ್ರನ್ನ ಕೇಳಾಕ ನಾಚಿಕಿ, ಅದಕ್ಕ ಇಲ್ಲಿ ಬರದೀನಿ.

ಉಣಕಲ್ ಕೆರಿ ದಂಡಿ · 6:10

ಅಕ್ಕಾರ, ಎಂಟು ನಿಮಿಷ! ನನ್ನ ದಾಖಲೆ ಎರಡೂವರಿ ನಿಮಿಷ ಐತಿ. ನೀವ ನನಗ ಹೇಳಿಕೊಡ್ರಿ.

ಜಾಗರಣೆ ಯೋಧ · 6:31

ಸಿಸ್ಟರ್, ಇದು ಆತ್ಮಿಕ ಯುದ್ಧ. ಪ್ರಾರ್ಥನೆಗೆ ಕುಂತಾಗ ಬರೋ ವಿಚಾರ ಎಲ್ಲಾ ಸೈತಾನ ಕಳಸ್ತಾನ. ಯೇಸುವಿನ ನಾಮದಾಗ ಗದರಿಸ್ರಿ, ಗಟ್ಟಿ ಧ್ವನಿಲೇ ಪ್ರಾರ್ಥನೆ ಮಾಡ್ರಿ. ಬಾಯಿ ನಡದಿತ್ತಂದ್ರ ಮನಸ್ಸು ಅಲೆಯಂಗಿಲ್ಲ. ಇನ್ನೊಂದು, ಈ ‘ಏನೂ ಬೇಡಿಕೊಳ್ಳದ ಗಪ್ಪ ಕುಂದ್ರೂದು’ ನಮ್ಮದಲ್ಲ. ಅದು ಯೋಗ, ಧ್ಯಾನ ಕೇಂದ್ರದವ್ರದು. ಖಾಲಿ ಮನಿಗೆ ಏಳು ದೆವ್ವ ಬರ್ತಾವ ಅಂತ ಯೇಸುನ ಹೇಳ್ಯಾನ.

ಹಾವೇರಿ ನೈಟ್ ಡ್ಯೂಟಿ · 6:40

ಬೆಳಿಗ್ಗೆ 5 ಗಂಟೆಕ್ಕ ಗಟ್ಟಿ ಧ್ವನಿಲೇ ಮಾಡಿದ್ರ ಮಕ್ಕಳು ಏಳ್ತಾವ, ಬಾಜೂದವ್ರು ಬರ್ತಾರ, ಪ್ರಾರ್ಥನೆ ಅಲ್ಲಿಗೆ ಮುಗೀತು. ಮನಿ ನಡೆಸೂ ಹೆಣ್ಮಕ್ಕಳಿಗೆ ಆಗೂವಂಥಾದು ಏನಾರ ಹೇಳ್ರಿ ತಮ್ಮಾ.

ಕರಾವಳಿಯಿಂದ ಬಂದವ · 7:05

ನಾನು ಮಂಗಳೂರು ಕಡೆಯ ಕಥೋಲಿಕ, ಧಾರವಾಡಕ್ಕೆ ಬಂದು ಹನ್ನೊಂದು ವರ್ಷ ಆಯ್ತು. ಯೋಧ ಅವರೇ, ಮೌನ ನಮ್ಮದಲ್ಲ ಅಂದಿರಲ್ಲ. 1 ಸಮುವೇಲ 1:13 ತೆಗೆದು ನೋಡಿ. ಪ್ರಾರ್ಥಿಸುತ್ತಿದ್ದ ಹನ್ನಳ ತುಟಿ ಮಾತ್ರ ಅಲುಗುತ್ತಿತ್ತು, ಧ್ವನಿ ಕೇಳುತ್ತಿರಲಿಲ್ಲ. ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡ. ಮಾರ್ಕ 1:35ರಲ್ಲಿ ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಒಬ್ಬನೇ ಅಡವಿಯ ಕಡೆ ಹೋದ. ಅಲ್ಲೇನು ಮೈಕು ಇತ್ತಾ?

ಅಕ್ಕ, ನಿಮಗೊಂದು ಸಮಾಧಾನದ ಸುದ್ದಿ ಉಂಟು. ಆವಿಲಾದ ತೆರೇಸಮ್ಮ, 16ನೇ ಶತಮಾನದ ಸ್ಪೇನಿನವರು, ಪ್ರಾರ್ಥನೆಯ ವಿಷಯದಲ್ಲಿ ಇಡೀ ಸಭೆಗೇ ಗುರು. ಎಷ್ಟೋ ವರ್ಷ ಪ್ರಾರ್ಥನೆಯಲ್ಲಿ ಕೂತಾಗ ದೇವರಿಗಿಂತ ಹೆಚ್ಚಾಗಿ ‘ಗಂಟೆ ಯಾವಾಗ ಹೊಡೆದೀತು’ ಅಂತಲೇ ಕಾಯುತ್ತಿದ್ದೆ ಎಂದು ತಮ್ಮ ಜೀವನಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ. ಅವರ ಗತಿಯೇ ಹಾಗಾದರೆ ನಮ್ಮದೇನು!

ಬ್ಯಾಡಗಿ ಘಾಟು · 7:22

ನಮ್ಮ ಅಂಗಡಿ ಮೆಣಸಿನಕಾಯಿ ಮಾರ್ಕೆಟ್ ಹತ್ರ. ಸುಗ್ಗಿಯೊಳಗ ಪ್ರಾರ್ಥನೆ ಅಂದ್ರ ಸೀನು. ‘ಕರ್ತನೇ... ಹಾಕ್ಷಿ... ಸ್ತೋತ್ರ... ಹಾಕ್ಷಿ.’ ದೇವ್ರು ನಡುವಿಂದು ಬಿಟ್ಟು ಓದಿಕೋತಾನ ಅಂತ ನಂಬೀನಿ.

ಉಣಕಲ್ ಕೆರಿ ದಂಡಿ · 7:24

ಘಾಟಣ್ಣಾ 😂 ಚಾ ಮೈಮ್ಯಾಲ ಚೆಲ್ಲಿಕೊಂಡೆ.

ನಿವೃತ್ತ ಮಾಸ್ತರ, ಸಪ್ತಾಪುರ · 9:15

ಇದು ಮೊಬೈಲ್ ಕಾಲದ ರೋಗ ಎಂದು ತಿಳಿಯಬೇಡಿ. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಗೆ ಹೋಗಿ ಕುಳಿತ ಸನ್ಯಾಸಿಗಳಿಗೂ ಇದೇ ಕಾಟ. ಅವರಲ್ಲಿ ಎವಾಗ್ರಿಯಸ್ ಎಂಬಾತ (ತೀರಿಕೊಂಡದ್ದು 399ರಲ್ಲಿ) ಮನಸ್ಸಿಗೆ ನುಗ್ಗುವ ವಿಚಾರಗಳನ್ನು ಎಂಟು ಬಗೆಯಾಗಿ ವಿಂಗಡಿಸಿ ಬರೆದಿಟ್ಟ. ಅವುಗಳಲ್ಲಿ ಒಂದಕ್ಕೆ ‘ನಡುಮಧ್ಯಾಹ್ನದ ದೆವ್ವ’ ಎಂದು ಹೆಸರು. ಅದು ಹಿಡಿದವನಿಗೆ ಹಗಲು ಐವತ್ತು ತಾಸು ಇದ್ದಂತೆ ಅನಿಸುತ್ತದೆ. ಹೊತ್ತು ಎಲ್ಲಿಗೆ ಬಂತು ಎಂದು ಸೂರ್ಯನನ್ನು ನೋಡುತ್ತಾನೆ, ಯಾರಾದರೂ ಬಂದಾರೇನೋ ಎಂದು ಬಾಗಿಲಾಚೆ ಇಣುಕುತ್ತಾನೆ, ಈ ಜಾಗವೇ ಸರಿ ಇಲ್ಲ, ಬೇರೆ ಕಡೆ ಹೋದರೆ ದೇವರು ಸಿಗುತ್ತಾನೆ ಎಂದುಕೊಳ್ಳುತ್ತಾನೆ. ಮೊಬೈಲ್ ಇರಲಿಲ್ಲ ಅಷ್ಟೆ, ಬೆರಳು ಅದನ್ನೇ ಹುಡುಕುತ್ತಿತ್ತು.

ಯೋಧ ಹೇಳಿದ್ದರಲ್ಲಿ ಒಂದು ಮಾತು ನಿಜ. ಎವಾಗ್ರಿಯಸ್ ಕೂಡ ಅವನ್ನು ದೆವ್ವಗಳ ಕೆಲಸ ಎಂದೇ ಹೇಳುತ್ತಾನೆ. ಆದರೆ ಕೂಗಿ ಓಡಿಸು ಅಂತ ಹೇಳಿ ಮುಗಿಸುವುದಿಲ್ಲ. ಯಾವುದು ಯಾವಾಗ ಬರುತ್ತದೆ, ಯಾವುದರ ಹಿಂದೆ ಯಾವುದು ಬರುತ್ತದೆ ಎಂದು ಗಮನಿಸು ಎನ್ನುತ್ತಾನೆ. ಲೆಕ್ಕ ಬರೆಯುವ ನಿಮಗೆ ಇದು ಹೊಂದೀತು, ತಂಗಿ.

ಜಾಗರಣೆ ಯೋಧ · 9:40

ಮಾಸ್ತರ, ಗೌರವದಿಂದ ಕೇಳ್ತೀನಿ. ಈ ಸನ್ಯಾಸಿಗಳ ಮಾತು ನಮಗ್ಯಾಕ ಬೇಕು? ಬೈಬಲ್ ವಾಕ್ಯ ಸಾಕಲ್ಲ.

ನಿವೃತ್ತ ಮಾಸ್ತರ, ಸಪ್ತಾಪುರ · 10:02

ಆಗಲಿ. ವಾಕ್ಯವನ್ನೇ ನೋಡೋಣ. ‘ಸುಮ್ಮನಿರಿ, ನಾನೇ ದೇವರೆಂದು ತಿಳಿಯಿರಿ’ ಎನ್ನುವ ಕೀರ್ತನೆ 46:10ನ್ನು ಎಲ್ಲರೂ ಮೌನಧ್ಯಾನದ ಪೋಸ್ಟರಿನ ಮೇಲೆ ಹಾಕುತ್ತಾರೆ, ಹಿಂದೊಂದು ಕೆರೆ, ಮುಂದೊಂದು ಸೂರ್ಯಾಸ್ತ. ಅದರ ಹಿಂದಿನ ವಚನ ಓದಿದವರು ಕಡಿಮೆ. ಅಲ್ಲಿ ಬಿಲ್ಲು ಮುರಿಯುತ್ತಿದೆ, ಭಲ್ಲೆ ತುಂಡಾಗುತ್ತಿದೆ, ರಥ ಸುಟ್ಟು ಹೋಗುತ್ತಿದೆ. ‘ಸುಮ್ಮನಿರಿ’ ಎಂದಿರುವಲ್ಲಿನ ಹೀಬ್ರೂ ಮಾತಿನ ಅರ್ಥ ‘ಕೈ ಬಿಡು, ಸಡಿಲಿಸು’ ಎಂದು. ಯುದ್ಧ ಮಾಡುವವರಿಗೆ ಹೇಳಿದ ಮಾತು ಅದು. ನಿಮ್ಮ ಹೆಸರಿನಲ್ಲೇ ‘ಯೋಧ’ ಇದೆಯಲ್ಲಪ್ಪ, ಅದಕ್ಕೆ ಹೇಳಿದೆ.

ಉಣಕಲ್ ಕೆರಿ ದಂಡಿ · 10:03

ಮಾಸ್ತರ ಬೆತ್ತ ಇನ್ನೂ ಗಟ್ಟಿ ಐತಿ.

ಜಾಗರಣೆ ಯೋಧ · 10:11

🙏 ಒಪ್ಪಿದೆ. ಅರ್ಧ.

ಬೆಟಗೇರಿ ಲಾಳಿ · ಮಧ್ಯಾಹ್ನ 1:30

ನಮ್ಮದು ಮಗ್ಗದ ಮನಿ. ಅಪ್ಪನ ಕಾಲಕ್ಕ ಕೈಮಗ್ಗ, ಈಗ ಪವರ್‌ಲೂಮ್ ನಾಕು. ಆ ಸಪ್ಪಳದಾಗ ಹುಟ್ಟಿ ಬೆಳದಾಂವ ನಾ. ಕರೆಂಟ್ ಹೋಗಿ ಮಗ್ಗ ನಿಂತ್ರ ತೊಟ್ಟಿಲದಾಗಿನ ಕೂಸು ಎದ್ದು ಅಳ್ತೈತಿ, ಗೊತ್ತೈತೇನ್ರಿ? ನಮಗ ಶಾಂತಿ ಅಂದ್ರ ಅಂಜಿಕಿ.

ಮನಸ್ಸು ಅಲೆಯೂದ್ರ ಬಗ್ಗೆ ನನಗ ತಿಳಿದದ್ದು ಮಗ್ಗದಿಂದ. ನೇಯೂವಾಗ ಎಳಿ ಹರೀತಾವ. ದಿನಕ್ಕ ಎಷ್ಟ ಸಲ ಅಂತ ಯಾರೂ ಎಣಸಂಗಿಲ್ಲ. ಹರದ್ರ ಮಗ್ಗ ನಿಲ್ಲಿಸಿ, ತುದಿ ಹುಡುಕಿ, ಗಂಟ ಹಾಕಿ ಮತ್ತ ಚಾಲೂ ಮಾಡ್ತೀವಿ. ‘ಅಯ್ಯೋ ಹರೀತು’ ಅಂತ ಅತಗೋತ ಕುಂತ್ರ ಸೀರಿ ಆಗಂಗಿಲ್ಲ. ಎಳಿ ಹರದದ್ದು ಗೊತ್ತಾಗದ ನೇದ್ರ ಅದು ತಪ್ಪು, ಬಟ್ಟಿಯೊಳಗ ಉದ್ದಕ್ಕ ಸಂದು ಬೀಳ್ತೈತಿ. ನಿಮಗ ಗೊತ್ತರ ಆಗೇತಲ್ಲ ತಂಗಿ. ಗಂಟ ಹಾಕ್ರಿ, ಮುಂದ ಹೋಗ್ರಿ.

ಹಾವೇರಿ ನೈಟ್ ಡ್ಯೂಟಿ · 1:48

ಲಾಳಿ ಅಣ್ಣಾರ, ಇದನ್ನ ಬರದು ವಾರ್ಡಿನ ಕಪಾಟಿಗೆ ಅಂಟಸ್ತೀನಿ.

ನನ್ನ ಅನುಭವ ಸಣ್ಣದು. ರಾತ್ರಿ 3 ಗಂಟೆಕ್ಕ ವಾರ್ಡ್ ಶಾಂತ ಇರ್ತೈತಿ, ಆದ್ರ ಕಿವಿ ಯಾವಾಗ್ಲೂ ತೆರದ ಇರಬೇಕು, ಯಾರ ಉಸಿರು ಬದಲಾತು, ಯಾವ ಸಲೈನ್ ಮುಗೀತು. ಹತ್ತು ನಿಮಿಷ ಕಣ್ಣು ಮುಚ್ಚಾಕ ಬರಂಗಿಲ್ಲ. ಹಾಸಿಗಿಯಿಂದ ಹಾಸಿಗಿಗೆ ಹೋಗೂವಾಗ ಒಂದ ಮಾತು ಹೇಳ್ಕೋತ ಹೋಗ್ತೀನಿ, ‘ದೇವರೇ, ಬೇಗ ಬಾ, ಸಹಾಯ ಮಾಡು.’ 70ನೇ ಕೀರ್ತನೆಯ ಮೊದಲ ಮಾತು ಅದು. ಇದು ನಾನ ಕಂಡುಹಿಡಿದದ್ದು ಅಂತ ತಿಳಿದಿದ್ದೆ 😄 ಆಮ್ಯಾಲ ಒಬ್ಬ ಅಯ್ಯನವ್ರು ಹೇಳಿದ್ರು, 1,600 ವರ್ಷದ ಹಿಂದ ಆ ಮರುಭೂಮಿ ಸನ್ಯಾಸಿಗಳೂ ಇದ ವಚನ ಹೇಳ್ತಿದ್ರಂತ, ಕ್ಯಾಸಿಯನ್ ಅನ್ನಾಂವ ಬರದಿಟ್ಟಾನಂತ.

ಕರಾವಳಿಯಿಂದ ಬಂದವ · 2:10

ಸಿಸ್ಟರ್, ನಿಮ್ಮ ಹಾಗೇ ಕೆಲಸದ ನಡುವೆ ಮಾಡಿದವರು ಪ್ಯಾರಿಸಿನ ಕಾರ್ಮೆಲ್ ಮಠದ ಸಹೋದರ ಲಾರೆನ್ಸ್. 1691ರಲ್ಲಿ ತೀರಿಕೊಂಡರು. ಮೊದಲು ಸಿಪಾಯಿ, ಕಾಲಿಗೆ ಪೆಟ್ಟಾಗಿ ಕುಂಟು. ಮಠದಲ್ಲಿ ಹಾಕಿದ್ದು ಅಡುಗೆಮನೆಗೆ, ಅವರಿಗೆ ಆ ಕೆಲಸ ಇಷ್ಟವೂ ಇರಲಿಲ್ಲ. ಪಾತ್ರೆಗಳ ಗದ್ದಲದಲ್ಲೂ ಪೂಜೆಯ ಹೊತ್ತಿನಲ್ಲೂ ದೇವರು ಒಂದೇ ಹಾಗೆ ಹತ್ತಿರ ಅಂತ ಹೇಳುತ್ತಿದ್ದರು. ಕೇಶ್ವಾಪುರದ ಅಕ್ಕ ಎಂಟನೇ ನಿಮಿಷಕ್ಕೆ ಪಾತ್ರೆ ತಿಕ್ಕಲು ಹೋದರಲ್ಲ, ಅಲ್ಲಿ ಪ್ರಾರ್ಥನೆ ಮುಗಿಯಿತು ಅಂತ ಯಾರು ಹೇಳಿದ್ದು?

ಬ್ಯಾಡಗಿ ಘಾಟು · 2:30

ಈ ಮಾತು ಕೇಳಿದ್ರ ನನ್ನ ಹೆಂಡ್ತಿ ನನ್ನ ಕೈಯಾಗ ಭಾಂಡೆ ಕೊಡ್ತಾಳ. ಜಲ್ದಿ ಡಿಲೀಟ್ ಮಾಡ್ರಿ.

ಸಂತಿಪೇಟಿ ಓದುಗ · 3:05

ನಾ ನಿಮ್ಮ ಧರ್ಮದಾಂವಲ್ಲ, ಮನಿಯಾಗ ಇಷ್ಟಲಿಂಗ ಪೂಜಾ ಮಾಡಾವ್ರು. ಶೀರ್ಷಿಕೆಯೊಳಗ ಸಂತಿ ಅಂತ ಕಂಡು ಒಳಗ ಬಂದೆ. ಸಂತಿಯೊಳಗ ಮನಿ ಮಾಡಿ ಶಬ್ದಕ್ಕ ನಾಚಿದ್ರ ಹ್ಯಾಂಗ ಅಂತ ನಮ್ಮ ಅಕ್ಕಮಹಾದೇವಿ 12ನೇ ಶತಮಾನದಾಗ ಕೇಳಿ ಹೋಗ್ಯಾಳ. ಲಿಂಗ ಕೈಯಾಗ ಹಿಡಿದು ಕುಂತಾಗ ನನಗೂ ಹಾಲಿನವನ ನೆನಪಾಗ್ತಾನ. ಒಂದ ಹಾಲಿನವ ಎಲ್ಲಾರ ಮನಿಗೂ ಬರ್ತಾನೋ ಏನೋ.

ಕೇಶ್ವಾಪುರದಾಕಿ · 3:20

ಸಂತಿಪೇಟಿ ಅಣ್ಣಾರ, ಬರ್ರಿ, ಚಾ ಕುಡೀರಿ 😄

ಜಾಗರಣೆ ಯೋಧ · 3:41

ಎಲ್ಲಾ ಒಂದ ಅನ್ನೂ ದಾರಿಗೆ ಹೊಂಟೈತಿ ಈ ಚರ್ಚೆ. ನಾವು ಹುಡುಕೂದು ಮನಸ್ಸಿನ ಶಾಂತಿ ಅಲ್ಲ, ಜೀವಿಸುವ ದೇವರನ್ನ. ಅಷ್ಟು ನೆನಪಿಡ್ರಿ.

ನಿವೃತ್ತ ಮಾಸ್ತರ, ಸಪ್ತಾಪುರ · 4:00

ಇದು ಒಳ್ಳೆಯ ಮಾತು. ಇದನ್ನು ಪೂರ್ತಿ ಒಪ್ಪುತ್ತೇನೆ.

ಉಣಕಲ್ ಕೆರಿ ದಂಡಿ · 4:15

ವಿಷಯ ಬಿಟ್ಟು ಒಂದು ಮಾತು. ಆರಾಧನೆಯೊಳಗ ಪಾಪದ ಅರಿಕೆಗೆ ಮೊದಲ ‘ಸ್ವಲ್ಪ ಹೊತ್ತು ಮೌನವಾಗಿರೋಣ’ ಅಂತಾರಲ್ಲ, ನಾ ಒಂದಿನ ಎಣಸಿದೆ. ಏಳು ಸೆಕೆಂಡ್! ವಾರದ ಪಾಪ ಏಳು ಸೆಕೆಂಡಿನ್ಯಾಗ ಹ್ಯಾಂಗ ನೆನಪಾಗಬೇಕು? ನಾ ಮಂಗಳವಾರಕ್ಕ ಬರೂದ್ರೊಳಗ ಕೀಬೋರ್ಡ್ ಶುರು ಆಗಿತ್ತು.

ಬ್ಯಾಡಗಿ ಘಾಟು · 4:18

ಮೌನದಾಗ ಸೆಕೆಂಡ್ ಎಣಸಿದ್ದು ಬುಧವಾರದ ಪಟ್ಟಿಗೆ ಸೇರಸ್ರಿ.

ಹಾವೇರಿ ನೈಟ್ ಡ್ಯೂಟಿ · 4:33

ಕೀಬೋರ್ಡ್ ಅಂದ್ರಲ್ಲ, ಈಗ ಪ್ರಾರ್ಥನೆ ನಡುವನೂ ಹಿಂದ ಮ್ಯೂಸಿಕ್ ಬೇಕ ಬೇಕು. ಒಂದು ಕಡೆ ಸ್ಪೀಕರ್ ಎಷ್ಟು ಜೋರಂದ್ರ ನನ್ನ ಮಗ ಕಿವಿಗೆ ಹತ್ತಿ ಇಟ್ಕೊಂಡು ಕುಂತಿದ್ದ. ಶಾಂತ ಆದ್ರ ಜನ ಎದ್ದು ಹೋಗ್ತಾರ ಅಂತ ಅಂಜಿಕಿ ಇರಬೇಕು.

ಉಣಕಲ್ ಕೆರಿ ದಂಡಿ · 4:50

ಗಮನ ಅಂದ್ರ ಕನ್ನಡ ನಿಘಂಟು ಮಾಡಿದ ಕಿಟೆಲ್ ಅಯ್ಯನವ್ರದು. ಅವ್ರು ಈ ದೇಶಕ್ಕ ಬಂದದ್ದು 1853ರಾಗ, ನಿಘಂಟು ಅಚ್ಚಾದದ್ದು 1894ರಾಗ. 70 ಸಾವಿರದಷ್ಟು ಶಬ್ದ. ವಾಟ್ಸಾಪ್ ಇದ್ದಿದ್ರ ‘ಅ’ ದಾಟತಿದ್ದಿಲ್ಲ.

ನಿವೃತ್ತ ಮಾಸ್ತರ, ಸಪ್ತಾಪುರ · 5:10

ಶಬ್ದ ಕೂಡಿಸಿದವರನ್ನು ಮೌನದ ಚರ್ಚೆಗೆ ಎಳೆದು ತಂದೆಯಲ್ಲೋ!

ಗಮನದ ಮಾತು ಬಂತೆಂದು ಹೇಳುತ್ತೇನೆ. 1535ರಲ್ಲಿ ಮಾರ್ಟಿನ್ ಲೂಥರ್ ತನಗೆ ಕ್ಷೌರ ಮಾಡುತ್ತಿದ್ದ ಪೇತ್ರ ಎಂಬವನಿಗೆ ಪ್ರಾರ್ಥನೆ ಹೇಗೆ ಮಾಡಬೇಕು ಎಂದು ಒಂದು ಪತ್ರ ಬರೆದ. ಕತ್ತಿ ಹಿಡಿದವನು ಹರಟೆ ಹೊಡೆಯುತ್ತ ಅತ್ತಿತ್ತ ನೋಡಿದರೆ ಗಿರಾಕಿಯ ಮೂಗು ಹೋಗುತ್ತದೆ, ಪ್ರಾರ್ಥನೆಗೂ ಅಷ್ಟೇ ಗಮನ ಬೇಕು ಎಂದ. ಇಲ್ಲಿಯವರೆಗೆ ಬೈಗುಳ. ಆದರೆ ಅದೇ ಪತ್ರದಲ್ಲಿ ಮತ್ತೊಂದು ಮಾತಿದೆ. ಪ್ರಾರ್ಥಿಸುವಾಗ ಒಳ್ಳೆಯ ವಿಚಾರವೊಂದು ಹರಿದು ಬಂದರೆ, ಉಳಿದ ಪ್ರಾರ್ಥನೆ ಬಿಟ್ಟುಬಿಡು, ಸುಮ್ಮನಿದ್ದು ಅದನ್ನು ಕೇಳು, ಪವಿತ್ರಾತ್ಮನೇ ಅಲ್ಲಿ ಬೋಧಿಸುತ್ತಿದ್ದಾನೆ ಎಂದು. ಅಂದರೆ ಬರುವುದೆಲ್ಲ ಕಸವಲ್ಲ. ಯಾವುದು ಕಸ, ಯಾವುದು ಕಾಗದ ಎಂದು ನೋಡಬೇಕು.

ಅಡ್ಮಿನ್ · 5:30

ಚರ್ಚೆ ಚಲೋ ನಡದೈತಿ. ಸ್ಪೀಕರ್ ವಿಷಯಕ್ಕ ಯಾವ ಸಭೆ ಹೆಸರೂ ಹಾಕಬ್ಯಾಡ್ರಿ. ಮೂರು ಕಮೆಂಟ್ ತಗದೀನಿ.

ಕೇಶ್ವಾಪುರದಾಕಿ · ರಾತ್ರಿ 10:48

ಎಲ್ಲಾರ ಮಾತೂ ಓದಿದೆ. ಮಾಸ್ತರ ‘ಯಾವುದು ಯಾವಾಗ ಬರುತ್ತದೆ ಗಮನಿಸು’ ಅಂದ್ರಲ್ಲ, ಅದು ಕೊರೀಲಿಕ್ಕೆ ಹತ್ತೈತಿ. ಖರೇ ಹೇಳ್ತೀನಿ, ಬೆಳಿಗ್ಗೆ ಅರ್ಧಾನ ಬರದಿದ್ದೆ.

ಹಾಲಿನವ, ಜಿಎಸ್‌ಟಿ ಎಲ್ಲಾ ಮೊದಲ ಐದು ನಿಮಿಷಕ್ಕ ಬಂದು ಹೋಗ್ತಾವ. ಅವು ಹೋದಮ್ಯಾಲ ಒಂದ ಬರ್ತೈತಿ, ದಿನಾ ಅದ. ಅದು ಬಂದಾಗ ಎದ್ದು ಹೋಗ್ತೀನಿ. ಅವ್ವ ತೀರಿಕೊಂಡು ಎರಡು ವರ್ಷ ಆತು. ಆಕಿ ಪಾಟ್ಲಿ ಬಳಿ ನಾಕು, ಕಪಾಟಿನ್ಯಾಗ ಇದ್ದದ್ದು, ಮಣ್ಣು ಮಾಡಿದ ದಿನಾನ ನಾ ತಗೊಂಡು ಬಂದೆ. ‘ನಿನಗ ಇರಲಿ’ ಅಂತ ಆಸ್ಪತ್ರೆಯೊಳಗ ಅವ್ವ ಬಾಯಿಲೇ ಹೇಳಿದ್ಲು, ಅದು ಸುಳ್ಳಲ್ಲ. ಆದ್ರ ತಮ್ಮಗ ಹೇಳಲಿಲ್ಲ. ಅಂವಗ ಆಮ್ಯಾಲ ಗೊತ್ತಾತು. ಜಗಳ ಆಡಲಿಲ್ಲ, ಫೋನ್ ಮಾಡೂದ ಬಿಟ್ಟ. ಧಾರವಾಡದಾಗ ಇರ್ತಾನ, ಎಷ್ಟು ದೂರ ಹೇಳ್ರಿ.

ಯೋಧ ತಮ್ಮಾ, ಇದನ್ನೂ ಸೈತಾನ ಕಳಸ್ತಾನೇನು?

ಹಾವೇರಿ ನೈಟ್ ಡ್ಯೂಟಿ · 10:55

ಅಕ್ಕಾ... ❤️

ಬೆಟಗೇರಿ ಲಾಳಿ · 11:20

ತಂಗಿ, ಮತ್ತಾಯ 5:23 ಓದು. ಕಾಣಿಕಿ ಹಿಡಕೊಂಡು ಯಜ್ಞವೇದಿ ಮುಂದ ನಿಂತಾಗ ನಿನ್ನ ತಮ್ಮನ ಮನಸ್ಸಿನ್ಯಾಗ ನಿನ್ನ ಮ್ಯಾಲ ಏನೋ ಐತಿ ಅಂತ ‘ಅಲ್ಲಿ’ ನೆನಪಾದ್ರ, ಕಾಣಿಕಿ ಅಲ್ಲೇ ಬಿಟ್ಟು ಹೋಗು ಅಂತಾನ ಯೇಸು. ನಾ ಎಷ್ಟ ಸಲ ಓದಿದ್ರೂ ಈ ‘ಅಲ್ಲಿ’ ಅನ್ನೂ ಮಾತು ನೋಡೇ ಇದ್ದಿಲ್ಲ. ಮನ್ಯಾಗ ನೆನಪಾಗಲಿಲ್ಲ, ದಾರ್ಯಾಗ ಆಗಲಿಲ್ಲ, ಪ್ರಾರ್ಥನೆಗೆ ನಿಂತಾಗ ಆತು. ಅದನ್ನ ಯೇಸು ಬೈಯಂಗಿಲ್ಲ, ಪ್ರಾರ್ಥನೆಗೆ ಅಡ್ಡ ಬಂತು ಅಂತನೂ ಅನ್ನಂಗಿಲ್ಲ. ಪ್ರಾರ್ಥನೆನ ಅರ್ಧಕ್ಕ ಬಿಟ್ಟು ಎದ್ದು ಹೋಗು ಅಂತಾನ! ನೀ ಎಂಟನೇ ನಿಮಿಷಕ್ಕ ಎದ್ದದ್ದು ಬರೋಬ್ಬರಿ ಐತಿ. ಹೋದ ದಿಕ್ಕು ತಪ್ಪೇತಿ, ಭಾಂಡೆ ಕಡೆ ಹ್ವಾದಿ.

ಜಾಗರಣೆ ಯೋಧ · 11:34

ಸಿಸ್ಟರ್, ‘ಎಲ್ಲಾ’ ಅಂದದ್ದು ನನ್ನ ತಪ್ಪು. ಇದನ್ನ ಗದರಿಸಬ್ಯಾಡ್ರಿ. ನಾ ನಿಮ್ಮ ಸಲುವಾಗಿ ಇವತ್ತ ರಾತ್ರಿ ಪ್ರಾರ್ಥನೆ ಮಾಡ್ತೀನಿ, ಸಾವಕಾಶ ಧ್ವನಿಲೇ.

ಕರಾವಳಿಯಿಂದ ಬಂದವ · 11:50

ಪ್ರವಾದಿ ಎಲೀಯನಿಗೂ ಹೀಗೇ ಆಯ್ತಲ್ಲ, 1 ಅರಸು 19ರಲ್ಲಿ. ಗಾಳಿ, ಭೂಕಂಪ, ಬೆಂಕಿ ಎಲ್ಲ ಮುಗಿದು ಸಣ್ಣ ಸ್ವರ ಬಂತು ಅನ್ನುವಲ್ಲಿಗೇ ನಾವು ಪ್ರಸಂಗ ನಿಲ್ಲಿಸುತ್ತೇವೆ. ಆ ಸ್ವರ ಕೇಳಿದ್ದು ‘ಇಲ್ಲಿ ನಿನಗೇನು ಕೆಲಸ?’ ಅಂತ. ಎಲೀಯ ಮೊದಲು ಹೇಳಿದ್ದ ದೂರನ್ನೇ ಅಕ್ಷರಕ್ಷರ ಮತ್ತೆ ಹೇಳಿದ, 10ನೇ ವಚನ, 14ನೇ ವಚನ ಎರಡೂ ಒಂದೇ. ದೇವರು ಸಮಾಧಾನ ಹೇಳುತ್ತ ಕೂರಲಿಲ್ಲ, ಬಂದ ದಾರಿಯಲ್ಲೇ ವಾಪಸ್ ಕಳಿಸಿದ, ಕೈಯಲ್ಲಿ ಕೆಲಸ ಕೊಟ್ಟು.

ಸಂತಿಪೇಟಿ ಓದುಗ · ಮಂಗಳವಾರ, ಬೆಳಿಗ್ಗೆ 6:05

ನಾಕು ಪಾಟ್ಲಿಗೆ ಎರಡು ವರ್ಷ ಮಾತು ಬಿಟ್ಟೀರಿ. ನಾವಿಬ್ರು ಅಣ್ಣತಮ್ಮಂದ್ರು ಒಂದು ಬದುವಿಗೆ ಹನ್ನೆರಡು ವರ್ಷ ಬಿಟ್ಟೀವಿ. ಏನ್ ಹೇಳ್ಲಿ. ಇದನ್ನ ಓದಿ ರಾತ್ರಿ ನಿದ್ದಿ ಬರಲಿಲ್ಲ.

ಬ್ಯಾಡಗಿ ಘಾಟು · 6:40

ನಾ ಒಂದ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅವ್ವ ಆಕಿಗೇ ಅಂತ ಹೇಳಿ ಕೊಟ್ಟಾಳ. ಅಂದಮ್ಯಾಲ ಆಕಿ ಯಾಕ ತಗ್ಗಬೇಕು? ವ್ಯಾಪಾರದಾಗ ಬಾಯಿಮಾತ ಮಾತು.

ಬೆಟಗೇರಿ ಲಾಳಿ · 7:02

ಪಾಟ್ಲಿ ಯಾರದು ಅಂತ ವಾಕ್ಯ ಕೇಳಂಗಿಲ್ಲ ಘಾಟಣ್ಣಾ. ‘ನಿನ್ನ ತಪ್ಪಿದ್ರ’ ಅಂತನೂ ಇಲ್ಲ. ‘ಅಂವಗ ನಿನ್ನ ಮ್ಯಾಲ ಏನಾರ ಇದ್ರ’ ಅಂತ ಐತಿ. ನನಗೂ ಅದು ಸೇರಂಗಿಲ್ಲ, ಆದ್ರ ಹಂಗ ಐತಿ.

ಬ್ಯಾಡಗಿ ಘಾಟು · 7:04

ಬಿರುಸು ಐತಿ.

ಕೇಶ್ವಾಪುರದಾಕಿ · ಮುಂದಿನ ಬುಧವಾರ, ಬೆಳಿಗ್ಗೆ 5:40

ಹೋಗಿ ಬಂದೆ.

ಆಯಿತವಾರ ಆರಾಧನೆ ಮುಗಿಸಿ ಚಿಗರಿ ಬಸ್ಸಿಗೆ ಕುಂತೆ. ನವಲೂರು ಬರೂತನ ಇಳದು ವಾಪಸ್ ಬರೂ ವಿಚಾರನ ಇತ್ತು. ತಮ್ಮ ಮನ್ಯಾಗ ಇರಲಿಲ್ಲ, ಆಯಿತವಾರನೂ ಕೆಲಸಕ್ಕ ಹೋಗಿದ್ದ. ಅಂವನ ಹೆಂಡ್ತಿ ಚಾ ಮಾಡಿದ್ಲು, ಹಚ್ಚಿದ ಅವಲಕ್ಕಿ ಕೊಟ್ಲು. ಇಬ್ಬರೂ ಹೆಚ್ಚು ಮಾತಾಡಲಿಲ್ಲ, ಗಡಿಯಾರದ ಸಪ್ಪಳ ಕೇಳ್ಕೋತ ಕುಂತ್ವಿ. ನಾ ಎರಡು ಪಾಟ್ಲಿ ಕರವಸ್ತ್ರದಾಗ ಸುತ್ತಿ ಟೇಬಲ್ ಮ್ಯಾಲ ಇಟ್ಟೆ. ಅವ್ವ ಹೇಳಿದ ಮಾತು ಹೇಳಿದೆ, ಕೇಳದ ತಗೊಂಡು ಹೋದದ್ದು ತಪ್ಪಾತು ಅಂತನೂ ಹೇಳಿದೆ. ಆಕಿ ‘ನಿಮ್ಮ ತಮ್ಮಗ ಹೇಳ್ತೀನ್ರಿ’ ಅಂದ್ಲು, ಅಷ್ಟ.

ರಾತ್ರಿ 9 ಗಂಟೆಕ್ಕ ತಮ್ಮ ಫೋನ್ ಮಾಡಿದ. ಪಾಟ್ಲಿ ಹೆಸರ ಎತ್ತಲಿಲ್ಲ. ‘ಅವ್ವನ ಸಮಾಧಿಗೆ ಕಲ್ಲು ಹಾಕಸೂದೈತಿ, ಹೆಸರಿನ ಕೆಳಗ ಯಾವ ವಚನ ಬರಸೂಣು?’ ಅಂತ ಕೇಳಿದ. ಆಕಿಗೆ 23ನೇ ಕೀರ್ತನೆ ಬಾಯಿಪಾಠ ಇತ್ತು ಅಂತ ನಾ ಅಂದೆ, 121 ಅಂತ ಅಂವ. ಇನ್ನೂ ತೀರ್ಮಾನ ಆಗಿಲ್ಲ.

ಇವತ್ತ ಬೆಳಿಗ್ಗೆ ಗಪ್ಪ ಕುಂತೆ. ಹಾಲಿನವನ ಬಾಕಿ ನೆನಪಾತು. 640 ರೂಪಾಯಿ.

ಉಣಕಲ್ ಕೆರಿ ದಂಡಿ · 5:58

ಕೊಟ್ಟುಬಿಡ್ರಿ ಅಕ್ಕಾರ, ಪಾಪ, ಅಂವ ಎಲ್ಲಾರ ಪ್ರಾರ್ಥನೆಯೊಳಗ ಬರಾಂವ.

ಹಾವೇರಿ ನೈಟ್ ಡ್ಯೂಟಿ · 6:15

121 ಬರಸ್ರಿ. ‘ಕಾಯುವಾತನು ತೂಕಡಿಸುವುದಿಲ್ಲ’ ಅನ್ನೂದು ಅದ್ರಾಗ ಐತಿ. ನಮ್ಮ ನೈಟ್ ಡ್ಯೂಟಿಯವ್ರ ಕೀರ್ತನೆ ಅದು.

ನಿವೃತ್ತ ಮಾಸ್ತರ, ಸಪ್ತಾಪುರ · 8:30

ಕಲ್ಲಿನ ಅಳತೆ ಮೊದಲು ಕೇಳಿಕೊಳ್ಳಿ ತಂಗಿ. ಅಕ್ಷರದ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಾರೆ.

ಸಂತಿಪೇಟಿ ಓದುಗ · 8:52

ಅಕ್ಕಾರ, ಮೊಬೈಲ್ ಡಬ್ಬಿ ಹಿಂದ ಇಟ್ರ ಬೆಳಿಗ್ಗೆ ಏಳೂದು ಹ್ಯಾಂಗ? ಕೀಲಿ ಕೊಡೂ ಅಲಾರಾಂ ಗಡಿಯಾರ ಈಗೂ ಎಲ್ಲೆರ ಸಿಗ್ತಾವೇನು? ಇವತ್ತ ಊರಿಗೆ ಹೊಂಟೀನಿ, ಅಣ್ಣನ ಮನಿಗೆ. ದಾರ್ಯಾಗ ಸಿಕ್ರ ತಗೋತೀನಿ.

ಕೇಶ್ವಾಪುರದಾಕಿ · 8:55

ದುರ್ಗದಬೈಲ್ ಕಡೆ ಗಡಿಯಾರ ರಿಪೇರಿ ಮಾಡಾವ್ರನ್ನ ಕೇಳಿ ನೋಡ್ರಿ. ಸಾವಕಾಶ ಹೋಗಿ ಬರ್ರಿ ಅಣ್ಣಾರ.